ಊರಿನ ಕೆಲಸಕ್ಕೆ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಹಾಸನ ನಗರಸಭೆಯು ಮಹಾನಗರ ಪಾಲಿಕೆಯಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗಿದೆ. ರಸ್ತೆ, ಒಳಚರಂಡಿ, ಕುಡಿಯುವ ನೀರು, ಕಂದಾಯ, ಖಾತೆಗಳನ್ನು ಕುರಿತು ಹಾಸನ ಮತ್ತು ಚಿಕ್ಕಮಗಳೂರು ಎರಡೂ ಕಡೆಗಳಿಂದ ಪತ್ರಗಳು ಬಂದಿವೆ. ಊರು ದೊಡ್ಡದಾದರೆ ಅನುಕೂಲವೂ ಹೆಚ್ಚುತ್ತದೆಯೋ ಅಥವಾ ಬೆಂಗಳೂರಿನ ಪಾಡು ನಮಗೂ ಬರುತ್ತದೆಯೋ ಎಂಬ ಸಂದೇಹ ಬಹುಪಾಲು ಪತ್ರಗಳಲ್ಲಿದೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಹಾಸನದ ಸಾಲಗಾಮೆ ರಸ್ತೆಯ ನಿವೃತ್ತ ಶಿಕ್ಷಕರೊಬ್ಬರು: ನಮ್ಮೂರು ಮಹಾನಗರ ಪಾಲಿಕೆಯಾಯಿತೆಂದು ಎಲ್ಲರೂ ಸಂತೋಷಪಡುತ್ತಿದ್ದಾರೆ. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಅಲ್ಲಿ ಎಷ್ಟೋ ವರ್ಷಗಳಿಂದ ಪಾಲಿಕೆಯಿದೆ, ಆದರೂ ಮಳೆ ಬಂದರೆ ಅವನ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಹಾಗಾದರೆ ಪಾಲಿಕೆಯಾಗುವುದರಿಂದ ನಮಗೆ ಆಗುವ ಲಾಭವೇನು?

ಮೊದಲು ಕಾನೂನಿನ ಮಾತು. ಇದುವರೆಗೆ ಹಾಸನದ ಆಡಳಿತ ನಡೆಯುತ್ತಿದ್ದುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಅಡಿಯಲ್ಲಿ. ಇನ್ನು ಮುಂದೆ ಅದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ ಅಡಿಯಲ್ಲಿ ನಡೆಯುತ್ತದೆ. ಅಧ್ಯಕ್ಷರ ಜಾಗದಲ್ಲಿ ಮೇಯರ್, ಪೌರಾಯುಕ್ತರ ಜಾಗದಲ್ಲಿ ಆಯುಕ್ತರು ಬರುತ್ತಾರೆ. ಸ್ಥಾಯಿ ಸಮಿತಿಗಳ ವ್ಯವಸ್ಥೆ ವಿಸ್ತಾರವಾಗುತ್ತದೆ, ಹಿರಿಯ ದರ್ಜೆಯ ಎಂಜಿನಿಯರುಗಳ ಮತ್ತು ಆರೋಗ್ಯಾಧಿಕಾರಿಗಳ ಹುದ್ದೆಗಳು ಮಂಜೂರಾಗುತ್ತವೆ, ಅನುದಾನದ ಪಾಲಿನಲ್ಲಿಯೂ ಏರಿಕೆಯನ್ನು ನಿರೀಕ್ಷಿಸಬಹುದು. ಇವೆಲ್ಲವೂ ನಿಜವಾದ ಲಾಭಗಳೇ. ಆದರೆ ನಗರದ ನೀರು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿಗಳನ್ನು ಮಾಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಬಡಾವಣೆಗಳಿಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಬಿ.ಎಂ. ರಸ್ತೆಯಂತಹ ಮುಖ್ಯ ರಸ್ತೆಗಳ ವಿಚಾರದಲ್ಲಿ ಲೋಕೋಪಯೋಗಿ ಅಥವಾ ಹೆದ್ದಾರಿ ಇಲಾಖೆಯ ಮಾತು ನಡೆಯುತ್ತದೆ. ಕಚೇರಿಯ ಫಲಕ ಬದಲಾದ ಮಾತ್ರಕ್ಕೆ ಇವರಲ್ಲಿ ಯಾರೂ ಮೇಯರ್‌ಗೆ ಉತ್ತರ ಕೊಡಬೇಕಾದವರಾಗುವುದಿಲ್ಲ. ಆಯುಕ್ತರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರವೇ.

ತಮ್ಮ ಮಗನ ಬೀದಿಯಲ್ಲಿ ನೀರು ನಿಲ್ಲುವುದಕ್ಕೂ ಇದಕ್ಕೂ ನೇರವಾದ ಸಂಬಂಧವಿದೆ. ಬೆಂಗಳೂರಿನ ನೀರು ಮತ್ತು ಒಳಚರಂಡಿ 1964ರಲ್ಲಿ ಹುಟ್ಟಿದ ಜಲಮಂಡಳಿಯ ಕೈಯಲ್ಲಿದೆ, ನಗರದ ಯೋಜನೆ 1976ರಲ್ಲಿ ರಚನೆಯಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿತ್ತು. ಬಸ್ಸು, ಮೆಟ್ರೊ, ವಿದ್ಯುತ್ತು ಒಂದೊಂದಕ್ಕೂ ಬೇರೆ ಬೇರೆ ಸಂಸ್ಥೆಗಳಿವೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯಿಂದ ಹಿಡಿದು ಕುಡಿಯುವ ನೀರಿನವರೆಗೆ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿ, ಇವು ನಗರದ ಚುನಾಯಿತ ಸಂಸ್ಥೆಗೆ ಸೇರಬಹುದಾದವು ಎಂದಿತು. ಅವನ್ನು ನಿಜವಾಗಿ ಒಪ್ಪಿಸುವ ಕೆಲಸವನ್ನು ಮಾತ್ರ ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಆ ಇಚ್ಛೆ ನಮ್ಮ ರಾಜ್ಯದಲ್ಲಿ ಯಾವ ಪಕ್ಷದ ಸರ್ಕಾರಕ್ಕೂ ಪೂರ್ತಿಯಾಗಿ ಬಂದದ್ದಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಬೆಂಗಳೂರಿನ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಗ ಬಂದ ಆಡಳಿತಾಧಿಕಾರಿಯ ಆಳ್ವಿಕೆ ಐದು ವರ್ಷಗಳಷ್ಟು ಕಾಲ ಮುಂದುವರಿದು, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಅಡಿಯಲ್ಲಿ ಒಂದೇ ಪಾಲಿಕೆ ಐದು ಪಾಲಿಕೆಗಳಾಗಿ ಒಡೆದಾಗಲೂ ಆ ತೀರ್ಮಾನದ ಬಗ್ಗೆ ಮಾತಾಡಲು ನಗರಕ್ಕೆ ಒಬ್ಬನೇ ಒಬ್ಬ ಚುನಾಯಿತ ಪಾಲಿಕೆ ಸದಸ್ಯನೂ ಇರಲಿಲ್ಲ. ಇದು ಮೊದಲ ಸಲವೂ ಅಲ್ಲ. 2006ರ ನವೆಂಬರ್‌ನಲ್ಲಿ ಹಿಂದಿನ ಪಾಲಿಕೆಯ ಅವಧಿ ಮುಗಿದ ಮೇಲೆ 2010ರ ಮಾರ್ಚ್‌ವರೆಗೆ ಚುನಾವಣೆಯೇ ನಡೆದಿರಲಿಲ್ಲ. 2020ರ ನಂತರವೂ ವಾರ್ಡುಗಳ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಅದರ ಮೇಲೊಂದು ತಕರಾರು ಅರ್ಜಿ, ಮತ್ತೆ ಹೊಸ ಪಟ್ಟಿ ಎಂದು 198 ಇದ್ದ ವಾರ್ಡುಗಳು ಒಮ್ಮೆ 243 ಆದವು, ಒಮ್ಮೆ 225 ಆದವು. ಮತಪೆಟ್ಟಿಗೆ ಮಾತ್ರ ಹೊರಗೆ ಬರಲಿಲ್ಲ. ಸಂವಿಧಾನದ 243ಯು ವಿಧಿಯು ಐದು ವರ್ಷದ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಆಗಲೇಬೇಕೆಂದು ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ಗಡುವನ್ನು ಮೀರುವಂತಿಲ್ಲವೆಂದು ಸ್ಪಷ್ಟಪಡಿಸಿದೆ. ಅಷ್ಟಾದರೂ ನಡೆದದ್ದು ಹೀಗೆ.

ಚುನಾಯಿತ ಸದಸ್ಯರಿದ್ದ ಕಾಲದಲ್ಲಿಯೂ ಮೇಯರ್ ಹುದ್ದೆಯ ಅವಧಿ ಒಂದೇ ವರ್ಷವಾಗಿತ್ತು. 2015ರಿಂದ 2020ರವರೆಗಿನ ಐದು ವರ್ಷಗಳಲ್ಲಿ ಬೆಂಗಳೂರು ಐದು ಮೇಯರ್‌ಗಳನ್ನು ಕಂಡಿತು. ಒಂದು ವರ್ಷದ ಮೇಯರ್ ಆಯವ್ಯಯ ಪತ್ರವನ್ನು ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ಬೀಳ್ಕೊಡುಗೆಯ ಹಾರ ಸಿದ್ಧವಾಗಿರುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳಲ್ಲಿಯೂ ಇದೇ ಕ್ರಮ ಬಹುಕಾಲ ನಡೆದುಬಂದಿದೆ. ನಗರಸಭೆಯ ಅಧ್ಯಕ್ಷರಿಗಾದರೂ ಮೂವತ್ತು ತಿಂಗಳ ಕಾಲಾವಕಾಶವಿತ್ತು.

ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಪಾಲಿಕೆಯಾದದ್ದು ಒಳ್ಳೆಯದೇ, ಆದರೆ ಹಾಸನದ ಜನ ಕೇಳಬೇಕಾದದ್ದು ಹೊಸ ಕಟ್ಟಡವನ್ನೂ ಮೇಯರ್ ಗೌನನ್ನೂ ಅಲ್ಲ. ಗ್ರಾಮಗಳನ್ನು ಸೇರಿಸಿಕೊಂಡು ವಾರ್ಡುಗಳ ಗಡಿ ನಿಗದಿಪಡಿಸುವ ಕೆಲಸ ಬೇಗ ಮುಗಿಯಬೇಕು, ಮೀಸಲಾತಿ ಪಟ್ಟಿ ತಕರಾರಿಗೆ ಎಡೆಯಿಲ್ಲದಂತೆ ಹೊರಬರಬೇಕು, ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಬೇಕು. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಹಲವು ನಗರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ ಗೆದ್ದವರು ವರ್ಷಗಟ್ಟಲೆ ಅಧಿಕಾರವಿಲ್ಲದೆ ಮನೆಯಲ್ಲಿ ಕೂತಿದ್ದನ್ನು ನಾವು ನೋಡಿದ್ದೇವೆ. ಅದು ಇಲ್ಲಿ ಮರುಕಳಿಸಬಾರದು.

ಹಾಸನದ ಹೊರವಲಯದ ಗ್ರಾಮದ ಮಹಿಳೆಯೊಬ್ಬರು: ನಮ್ಮ ಊರನ್ನು ನಗರಕ್ಕೆ ಸೇರಿಸುತ್ತಾರೆಂದು ಹೇಳುತ್ತಿದ್ದಾರೆ. ನಮಗೆ ಎರಡು ಎಕರೆ ಜಮೀನು, ನಾಲ್ಕು ಹಸುಗಳಿವೆ. ಮನೆಗೆ ಪಂಚಾಯಿತಿಯ ಖಾತೆಯಿದೆ. ಮುಂದೆ ಕಂದಾಯ ಎಷ್ಟಾಗುತ್ತದೆ, ಅದಕ್ಕೆ ಪ್ರತಿಯಾಗಿ ನಮಗೆ ಏನು ಸಿಗುತ್ತದೆ?

ತಾಯಿ, ಬಂದ ಪತ್ರಗಳಲ್ಲೆಲ್ಲ ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು. ಪೌರ ನಿಗಮಗಳ ಅಧಿನಿಯಮದ ಪ್ರಕಾರ ಒಂದು ನಗರ ಪಾಲಿಕೆಯಾಗಬೇಕಾದರೆ ಜನಸಂಖ್ಯೆ ಮೂರು ಲಕ್ಷಕ್ಕೆ ಕಡಿಮೆಯಿರಬಾರದು. 2011ರ ಜನಗಣತಿಯಲ್ಲಿ ಹಾಸನ ನಗರದ ಜನಸಂಖ್ಯೆ ಸುಮಾರು 1.33 ಲಕ್ಷವಿತ್ತು. ಈ ಅಂತರ ತುಂಬಬೇಕಾದರೆ ಸುತ್ತಲಿನ ಗ್ರಾಮಗಳು ಸೇರಲೇಬೇಕು. ಎಂದರೆ, ನಗರಕ್ಕೆ ಪಾಲಿಕೆಯ ಸ್ಥಾನ ಬರುವುದರಲ್ಲಿ ನಿಮ್ಮಂತಹ ಊರುಗಳ ಪಾಲು ಸಣ್ಣದೇನಲ್ಲ. ಅದಕ್ಕೆ ತಕ್ಕುದನ್ನು ಕೇಳುವ ಹಕ್ಕು ನಿಮಗಿದೆ.

ಕಂದಾಯದ ಮಾತು ಮೊದಲು ಹೇಳುತ್ತೇನೆ. ಸಾಗುವಳಿಯ ಜಮೀನಿಗೆ ನಗರದ ಆಸ್ತಿ ತೆರಿಗೆ ಬೀಳುವುದಿಲ್ಲ. ಮನೆ, ಅಂಗಡಿ, ಖಾಲಿ ನಿವೇಶನಗಳಿಗೆ ಬೀಳುತ್ತದೆ. ನಗರದ ತೆರಿಗೆಯನ್ನು ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಆಧಾರದ ಮೇಲೆ ಲೆಕ್ಕ ಹಾಕುವುದರಿಂದ ಪಂಚಾಯಿತಿಗೆ ಕಟ್ಟುತ್ತಿದ್ದುದಕ್ಕಿಂತ ಅದು ಹೆಚ್ಚಾಗುತ್ತದೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ನಗರದ ವ್ಯಾಪ್ತಿಯಲ್ಲಿ ಸಿಗುವುದಿಲ್ಲ. ಹಸುವಿನ ಕೊಟ್ಟಿಗೆ ಕಟ್ಟಿಸುವುದಕ್ಕೋ ಬದು ಹಾಕಿಸುವುದಕ್ಕೋ ಆ ಯೋಜನೆಯನ್ನು ನಂಬಿದವರು ಇದನ್ನು ಮುಂಚೆಯೇ ತಿಳಿದಿರಬೇಕು. ಗ್ರಾಮಸಭೆಯೂ ಇರುವುದಿಲ್ಲ.

ಪ್ರತಿಯಾಗಿ ಸಿಗುವುದೇನೆಂಬುದಕ್ಕೆ ಬೆಂಗಳೂರಿನ ನಿದರ್ಶನವನ್ನೇ ಕೊಡುತ್ತೇನೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಹಳೆಯ ನಗರದ ನೂರು ವಾರ್ಡುಗಳ ಜೊತೆಗೆ ಯಲಹಂಕ, ದಾಸರಹಳ್ಳಿ, ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ಬ್ಯಾಟರಾಯನಪುರ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿದರು. ಆ 110 ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ಐದನೆಯ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಸೇರ್ಪಡೆಯಾದ ಹದಿನೇಳು ವರ್ಷಗಳ ನಂತರ. ಅಷ್ಟು ಕಾಲ ಅಲ್ಲಿನವರು ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನಲ್ಲಿ ಬದುಕಿದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೆಚ್ಚು ಕಷ್ಟಪಟ್ಟವರೂ ಅವರೇ. ಅಲ್ಲಿ ಕಟ್ಟಡಗಳು ಮೊದಲು ಬಂದವು, ಮಳೆನೀರು ಹರಿಯುವ ರಾಜಕಾಲುವೆಗಳು ಒತ್ತುವರಿಯಾದವು, ಕೊಳವೆ ಮಾರ್ಗ ಕೊನೆಗೆ ಬಂತು. 2022ರಲ್ಲಿ ಮಹದೇವಪುರದ ಭಾಗದಲ್ಲಿ ಬಡಾವಣೆಗಳೇ ಮುಳುಗಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಗಿ ಬಂದದ್ದಕ್ಕೆ ಈ ತಲೆಕೆಳಗಾದ ಕ್ರಮವೂ ಒಂದು ಕಾರಣ.

ಹಾಗಾಗಿ ನಿಮ್ಮ ಊರಿನವರು ಈಗಲೇ ಮಾಡಬೇಕಾದ ಕೆಲಸಗಳಿವೆ. ಊರಿನ ಕೆರೆ, ಕೆರೆಗೆ ನೀರು ತರುವ ಹಳ್ಳ, ಕೋಡಿ ಬಿದ್ದ ನೀರು ಹೋಗುವ ಕಾಲುವೆ, ಗೋಮಾಳ, ಸ್ಮಶಾನ ಇವುಗಳ ಸರ್ವೆ ನಂಬರುಗಳನ್ನು ಗ್ರಾಮ ನಕ್ಷೆಯೊಡನೆ ತಾಳೆ ನೋಡಿ, ಅಳತೆ ಮಾಡಿಸಿ, ಗಡಿಕಲ್ಲು ಹಾಕಿಸಿಕೊಳ್ಳಿ. ನಗರದ ಗಡಿ ಬಂದ ಮೇಲೆ ಗುಂಟೆಯ ಬೆಲೆ ಏರುತ್ತದೆ, ಆಗ ಮೊದಲು ಕರಗುವುದು ಇಂತಹ ಜಾಗಗಳೇ. ಎರಡನೆಯದಾಗಿ ನಿಮ್ಮ ಮನೆಯ ಪಂಚಾಯಿತಿ ಖಾತೆಯು ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಲ್ಲಿ) ನಮೂನೆ 9 ಮತ್ತು 11ಎ ಆಗಿದೆಯೋ, 11ಬಿ ಆಗಿದೆಯೋ ನೋಡಿಕೊಳ್ಳಿ. ಭೂಪರಿವರ್ತನೆಯೂ ಬಡಾವಣೆಯ ಒಪ್ಪಿಗೆಯೂ ಇಲ್ಲದ ಸ್ವತ್ತುಗಳು ಸಾಮಾನ್ಯವಾಗಿ 11ಬಿಯಲ್ಲಿರುತ್ತವೆ. ನಗರದಲ್ಲಿ ಅಂತಹವಕ್ಕೆ ಬಿ ಖಾತೆ ಎನ್ನುತ್ತಾರೆ. ಬಿ ಖಾತೆಯಿದ್ದರೆ ಎಲ್ಲವೂ ಸಕ್ರಮವಾಯಿತೆಂದು ದಲ್ಲಾಳಿಗಳು ಹೇಳಿದರೆ ನಂಬಬೇಡಿ. ಅದು ತೆರಿಗೆ ವಸೂಲಿಗೆಂದು ಇಟ್ಟ ದಾಖಲೆಯೇ ಹೊರತು ಆ ಜಾಗ ಕಾನೂನುಬದ್ಧವೆಂಬುದಕ್ಕೆ ಪ್ರಮಾಣಪತ್ರವಲ್ಲ. ಮೂರನೆಯದಾಗಿ, ಸೇರ್ಪಡೆಯ ಕರಡು ಅಧಿಸೂಚನೆ ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶವಿರುತ್ತದೆ. ಬೇಡವೆಂದು ಬರೆಯಬೇಕಾಗಿಲ್ಲ. ನೀರಿನ ಮತ್ತು ಒಳಚರಂಡಿಯ ಮಾರ್ಗ ಯಾವ ವರ್ಷದೊಳಗೆ ಬರುತ್ತದೆ, ಅದು ಬರುವವರೆಗೆ ತೆರಿಗೆಯಲ್ಲಿ ರಿಯಾಯಿತಿಯಿದೆಯೇ ಎಂದು ಊರಿನವರೆಲ್ಲ ಸಹಿ ಹಾಕಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಪ್ರತಿಯನ್ನು ಇಟ್ಟುಕೊಳ್ಳಿ.

ಚಿಕ್ಕಮಗಳೂರಿನ ಅಂಗಡಿ ಮಾಲೀಕರೊಬ್ಬರು: ನಮ್ಮ ಬೀದಿಗೆ ಡಾಂಬರು ಹಾಕಿ ಒಂದು ತಿಂಗಳಾಗಿರಲಿಲ್ಲ, ಪೈಪ್‌ಲೈನಿಗೆಂದು ನಡುವೆಯೇ ಅಗೆದರು. ಮುಚ್ಚಿದ ಮೇಲೆ ಮೊದಲ ಮಳೆಗೇ ಕುಸಿಯಿತು. ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಯಾರನ್ನು ಹಿಡಿಯಬೇಕು?

ಡಾಂಬರು ಹಾಕಿದವರ ಅನುದಾನ ಒಂದು ಬಾಬ್ತಿನಿಂದ ಬಂದಿರುತ್ತದೆ, ಕೊಳವೆ ಹಾಕುವವರದು ಇನ್ನೊಂದು ಬಾಬ್ತು. ರಸ್ತೆಯ ಹಣ ಆರ್ಥಿಕ ವರ್ಷದ ಕೊನೆಯಾದ ಮಾರ್ಚ್ ಒಳಗೆ ಖರ್ಚಾಗಬೇಕು. ಕೊಳವೆಯ ಗುತ್ತಿಗೆಗೆ ಬೇರೆ ಗಡುವು, ಬೇರೆ ಮಂಡಳಿ. ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿ, ಮೊದಲು ಕೊಳವೆ, ಆಮೇಲೆ ಒಳಚರಂಡಿಯ ಮನೆ ಸಂಪರ್ಕ, ಆಮೇಲೆ ವಿದ್ಯುತ್ ಮತ್ತು ದೂರಸಂಪರ್ಕದ ಕೇಬಲ್, ಎಲ್ಲಕ್ಕಿಂತ ಕೊನೆಗೆ ಡಾಂಬರು ಎಂದು ಹೇಳುವ ಅಧಿಕಾರ ಕಾಗದದ ಮೇಲೆ ಸ್ಥಳೀಯ ಸಂಸ್ಥೆಗಿದೆ. ಹಾಗೆ ಹೇಳುವ ಎಂಜಿನಿಯರು ಬೇಕು, ಅವರ ಬೆನ್ನಿಗೆ ನಿಲ್ಲುವ ಸದಸ್ಯರು ಬೇಕು.

ಕುಸಿದದ್ದೇಕೆಂಬುದನ್ನು ತಾವೇ ನೋಡಿ ತಿಳಿಯಬಹುದು. ಕೊಳವೆಯ ಕಾಲುವೆಯನ್ನು ತೋಡಿದ ಮೇಲೆ ತಳಕ್ಕೆ ಮರಳಿನ ಹಾಸು ಹಾಕಿ ಅದರ ಮೇಲೆ ಕೊಳವೆ ಇಡಬೇಕು. ಮಣ್ಣನ್ನು ಒಂದೇ ಸಲ ತಳ್ಳದೆ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು, ದಿಮ್ಮಸು ಅಥವಾ ಯಂತ್ರದಿಂದ ಗಟ್ಟಿಮಾಡಬೇಕು. ಆನಂತರ ಜಲ್ಲಿಯ ಪದರಗಳು, ಕೊನೆಗೆ ಡಾಂಬರು. ವಾಸ್ತವದಲ್ಲಿ ಆಗುವುದೇನು? ಅಗೆದ ಮಣ್ಣನ್ನು ಕಲ್ಲು, ಹಳೆಯ ಡಾಂಬರಿನ ಹೆಂಟೆ ಸಮೇತ ಜೆಸಿಬಿಯ ಬಕೆಟ್ಟಿನಿಂದ ಒಂದೇ ಸಲಕ್ಕೆ ತಳ್ಳಿ, ಮೇಲೆ ಅದೇ ಜೆಸಿಬಿಯ ಚಕ್ರ ಓಡಿಸಿ, ಒಂದಿಷ್ಟು ಜಲ್ಲಿಪುಡಿ ಹರಡಿ ಹೋಗುತ್ತಾರೆ. ಒಳಗೆ ಉಳಿದ ಪೊಳ್ಳು ಮಲೆನಾಡಿನ ಸೆರಗಿನ ಮಳೆಗೆ ಎಷ್ಟು ದಿನ ತಡೆದೀತು! ಹೆಂಟೆಯ ಚೂಪು ಕೊಳವೆಗೆ ಒತ್ತಿ ಸೋರಿಕೆಯೂ ಶುರುವಾಗುತ್ತದೆ, ಅದನ್ನು ಸರಿಪಡಿಸಲು ಮತ್ತೆ ಅಗೆತ. ಕೆಲಸ ನಡೆಯುವಾಗ ಕಾಲುವೆ ತೆರೆದಿರುವ ಹೊತ್ತಿನಲ್ಲಿ ಒಂದು ಫೋಟೊ, ಮುಚ್ಚುವಾಗ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ತಮಗೆ ಸಿಗದು.

ಇನ್ನೊಂದನ್ನು ಗಮನಿಸಿ. ಪ್ರತಿ ಸಲ ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಬಂದರೆ ರಸ್ತೆಯ ಮಟ್ಟ ಏರುತ್ತ ಹೋಗಿ ತಮ್ಮ ಅಂಗಡಿಯ ಹೊಸ್ತಿಲು ತಗ್ಗಿಗೆ ಬೀಳುತ್ತದೆ. ಚರಂಡಿಯನ್ನು ಹೊಸದಾಗಿ ಕಟ್ಟುವಾಗ ಅದರ ತಳಮಟ್ಟ ಮನೆಗಳ ನೀರು ಹೊರಬರುವ ಕಿಂಡಿಗಿಂತ ಕೆಳಗಿದೆಯೇ, ಮುಂದಿನ ಮೋರಿಯ ಕಡೆಗೆ ಇಳಿಜಾರಿದೆಯೇ ಎಂದು ನೋಡಬೇಕಾದದ್ದೂ ಆಗಲೇ. ಕಾಂಕ್ರೀಟು ಹಾಕಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಯಾರನ್ನು ಹಿಡಿಯಬೇಕೆಂಬ ಪ್ರಶ್ನೆಗೆ ದಾಖಲೆಗಳೇ ಉತ್ತರ ಕೊಡುತ್ತವೆ. ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಒಂದು ಅರ್ಜಿ ಹಾಕಿ. ಮೂವತ್ತು ದಿನಗಳೊಳಗೆ ಮಾಹಿತಿ ಕೊಡಬೇಕೆಂದು ಕಾನೂನಿದೆ. ಆ ಬೀದಿಯ ಎರಡೂ ಕಾಮಗಾರಿಗಳ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ರಸ್ತೆ ಅಗೆಯಲು ಕೊಟ್ಟ ಅನುಮತಿ ಪತ್ರ, ಗುತ್ತಿಗೆದಾರರು ಕಾಮಗಾರಿ ಮುಗಿದ ಮೇಲೂ ದುರಸ್ತಿ ಮಾಡಿಕೊಡಬೇಕಾದ ಅವಧಿ ಎಷ್ಟೆಂಬ ಷರತ್ತು, ಇಷ್ಟನ್ನು ಕೇಳಿ. ಅಂದಾಜು ಪಟ್ಟಿಯಲ್ಲಿ ‘ರಸ್ತೆಯನ್ನು ಯಥಾಸ್ಥಿತಿಗೆ ತರುವುದು’ ಎಂಬ ಬಾಬ್ತು ಇದ್ದೇ ಇರುತ್ತದೆ, ಅದಕ್ಕೆ ಹಣವೂ ಪಾವತಿಯಾಗಿರುತ್ತದೆ. ಆ ಪುಟವನ್ನು ಮುಂದಿಟ್ಟು ಮಾತಾಡಿದರೆ ಬೆರಳು ಇನ್ನೊಬ್ಬರ ಕಡೆ ತಿರುಗುವುದು ಕಷ್ಟ.

ಹಾಸನದ ಕಾಲೇಜು ವಿದ್ಯಾರ್ಥಿಯೊಬ್ಬರು: ಹೇಮಾವತಿಯ ನೀರು ಬೆಂಗಳೂರಿಗೆ ಹೋಗುತ್ತದೆ, ನಮ್ಮ ನಲ್ಲಿಯಲ್ಲಿ ಮಾತ್ರ ದಿನ ಬಿಟ್ಟು ದಿನವೂ ಬರುವುದಿಲ್ಲ. ಇದು ಅನ್ಯಾಯವಲ್ಲವೇ?

ನಿಮ್ಮ ಸಿಟ್ಟು ಸಹಜವಾದದ್ದು, ಆದರೆ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಹಾದು ಗೊರೂರಿನ ಅಣೆಕಟ್ಟೆಗೆ ಬರುತ್ತದೆ. ಆ ಜಲಾಶಯದ ಸಾಮರ್ಥ್ಯ 37.103 ಟಿಎಂಸಿ ಅಡಿ. ಅಲ್ಲಿಂದ ಕೆಳಗೆ ಬಿಟ್ಟ ನೀರು ಕೃಷ್ಣರಾಜಸಾಗರ ಸೇರಿ ಕಾವೇರಿಯೊಡನೆ ಬೆರೆಯುವುದರಿಂದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೊಮೀಟರ್ ದೂರಕ್ಕೆ, ಸುಮಾರು ಅರ್ಧ ಕಿಲೊಮೀಟರ್ ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪು ಮಾಡಿ ಬೆಂಗಳೂರಿಗೆ ಒಯ್ಯುವ ನೀರಿನಲ್ಲಿ ಹೇಮಾವತಿಯ ಪಾಲೂ ಇದೆ ಎಂಬುದು ದಿಟ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದೇ ಗುರುತಿಸಿತು.

ಇನ್ನು ಹಾಸನಕ್ಕೆ ಬೇಕಾದದ್ದೆಷ್ಟು? ಮೂರು ಲಕ್ಷ ಜನರಿಗೆ, ಒಳಚರಂಡಿಯಿರುವ ನಗರಗಳಿಗೆ ನಿಗದಿಯಾದ ತಲಾ 135 ಲೀಟರಿನಂತೆ ದಿನಕ್ಕೆ ಸುಮಾರು ನಾಲ್ಕು ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಹಾಗಾದರೆ ಇಡೀ ವರ್ಷಕ್ಕೆ ಬೇಕಾಗುವುದು ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ಗೊರೂರಿನ ಜಲಾಶಯದ ಸಾಮರ್ಥ್ಯದಲ್ಲಿ ಇದು ನೂರಕ್ಕೆ ಎರಡು ಪಾಲೂ ಆಗುವುದಿಲ್ಲ. ಇದಲ್ಲದೆ ಬೇಲೂರಿನ ಬಳಿ ಯಗಚಿಯ ಅಣೆಕಟ್ಟೆಯಿದೆ. ಬೆಂಗಳೂರು ಒಂದು ಹನಿ ಕುಡಿಯದಿದ್ದರೂ ನಿಮ್ಮ ನಲ್ಲಿಯ ಸ್ಥಿತಿ ಇದೇ ಇರುತ್ತಿತ್ತು. ಕೊರತೆಯಿರುವುದು ನೀರನ್ನು ಎತ್ತುವ ಪಂಪುಗಳಲ್ಲಿ, ಶುದ್ಧೀಕರಣ ಘಟಕದ ಸಾಮರ್ಥ್ಯದಲ್ಲಿ, ಎತ್ತರದ ತೊಟ್ಟಿಗಳ ಸಂಖ್ಯೆಯಲ್ಲಿ, ಸೋರುವ ಹಳೆಯ ಕೊಳವೆಗಳಲ್ಲಿ, ಜೊತೆಗೆ ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬ ಲೆಕ್ಕವಿಲ್ಲದ ವಾಲ್ವ್ ತಿರುಗಿಸುವ ಪದ್ಧತಿಯಲ್ಲಿ. ಎತ್ತರದ ಬೀದಿಗೆ ಒತ್ತಡ ಸಾಲದೆ ನೀರು ಏರುವುದಿಲ್ಲ, ತಗ್ಗಿನವರು ನಲ್ಲಿಗೆ ನೇರವಾಗಿ ಮೋಟಾರು ಹಾಕಿ ಎಳೆಯುತ್ತಾರೆ. ಇವೆಲ್ಲವೂ ಊರಿನೊಳಗೇ ಸರಿಪಡಿಸಬಹುದಾದ ಸಂಗತಿಗಳು. ನಿಮ್ಮಂತಹ ತರುಣರು ಪ್ರತಿ ತೊಟ್ಟಿಗೆ ದಿನಕ್ಕೆ ಎಷ್ಟು ನೀರು ಬರುತ್ತದೆ, ಎಷ್ಟು ಹೋಗುತ್ತದೆ ಎಂಬ ಲೆಕ್ಕವನ್ನು ಪಾಲಿಕೆ ಪ್ರಕಟಿಸಬೇಕೆಂದು ಕೇಳಿದರೆ, ಬೆಂಗಳೂರಿನ ವಿರುದ್ಧ ಮೆರವಣಿಗೆ ಮಾಡುವುದಕ್ಕಿಂತ ಬೇಗ ಫಲ ಸಿಗುತ್ತದೆ.

ಚಿಕ್ಕಮಗಳೂರಿನ ಜಯನಗರದಿಂದ: ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಎಂದಿರುತ್ತದೆ. ಈ ಹಣ ಊರಿನಲ್ಲೇ ಉಳಿಯುತ್ತದೆಯೇ?

ಇಲ್ಲ. ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದು ವಸೂಲಿಯಾಗುವ ಕರಗಳನ್ನು ಸ್ಥಳೀಯ ಸಂಸ್ಥೆಯು ಸಂಗ್ರಹಿಸಿ ಆಯಾ ಇಲಾಖೆಗಳಿಗೆ ಒಪ್ಪಿಸಬೇಕು. ಬೀದಿದೀಪಕ್ಕೋ ಚರಂಡಿಗೋ ಅದನ್ನು ಬಳಸುವಂತಿಲ್ಲ. ಅಂದ ಹಾಗೆ, ಏಪ್ರಿಲ್ ತಿಂಗಳಿನಲ್ಲೇ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿಯಿದೆ.

ಹಾಸನದ ಗೃಹಿಣಿಯೊಬ್ಬರು: ಕಸದ ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತೇನೆ. ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಸುರಿಯುತ್ತಾರೆ. ಸುಮ್ಮನೆ ಏಕೆ ಶ್ರಮಪಡಬೇಕು?

ದಯವಿಟ್ಟು ನಿಲ್ಲಿಸಬೇಡಿ. ಬೆರೆಸಿದ ಕಸ ಕೊನೆಗೆ ಹೋಗಿ ಬೀಳುವುದು ಯಾವುದೋ ಹಳ್ಳಿಯ ಪಕ್ಕದಲ್ಲಿ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನರು ನೊಣ, ದುರ್ವಾಸನೆ, ಕೆಟ್ಟ ಅಂತರ್ಜಲವನ್ನು ಸಹಿಸಲಾರದೆ ರಸ್ತೆ ತಡೆದು ಲಾರಿಗಳನ್ನು ನಿಲ್ಲಿಸಿದರು, 2014ರ ಕೊನೆಗೆ ಅಲ್ಲಿಗೆ ಕಸ ಸಾಗಿಸುವುದನ್ನು ಕೈಬಿಡಬೇಕಾಯಿತು. ಮೂಲದಲ್ಲೇ ಬೇರ್ಪಡಿಸಬೇಕೆಂದು ಹೈಕೋರ್ಟು 2012ರಲ್ಲೇ ಆದೇಶಿಸಿತ್ತು. ಗಾಡಿಯಲ್ಲಿ ಬೆರೆಸುವುದು ಗುತ್ತಿಗೆಯ ಷರತ್ತಿನ ಉಲ್ಲಂಘನೆ. ಪೌರಕಾರ್ಮಿಕರ ಮೇಲೆ ರೇಗದೆ, ಗಾಡಿಯ ಸಂಖ್ಯೆಯೊಡನೆ ಆರೋಗ್ಯ ನಿರೀಕ್ಷಕರಿಗೆ ಬರೆದು ತಿಳಿಸಿ. ವಿಭಾಗಗಳಿಲ್ಲದ ಗಾಡಿಯನ್ನು ಕೊಟ್ಟು ಬೇರ್ಪಡಿಸಿ ತನ್ನಿ ಎಂದರೆ ಅವರಾದರೂ ಏನು ಮಾಡಿಯಾರು.

ಹಾಸನದ ವಕೀಲರೊಬ್ಬರು: ಬೀದಿದೀಪಕ್ಕೂ ಶಾಸಕರ ಮನೆಗೇ ಹೋಗುತ್ತೇವೆ. ಹಾಗಿರುವಾಗ ವಾರ್ಡಿನ ಸದಸ್ಯ ಏಕೆ? ಪಾಲಿಕೆಯಾದ ಮೇಲೆ ವಾರ್ಡ್ ಸಮಿತಿ ಬರುತ್ತದೆಂದು ಕೇಳಿದ್ದೇನೆ, ಅದರ ಬಲವೇನು?

ಶಾಸಕರ ಮನೆಯ ಮುಂದೆ ಜನ ಸೇರುವುದು ಕೆಲಸವಾಗುತ್ತದೆಂಬ ನಂಬಿಕೆಯಿಂದ, ಅದನ್ನು ನಾನು ತಪ್ಪೆನ್ನಲಾರೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ ರೂಪಾಯಿಯಿದೆ, ಅಧಿಕಾರಿಗಳ ವರ್ಗಾವಣೆಯಲ್ಲಿ ಅವರ ಮಾತಿಗೆ ತೂಕವಿದೆ, ಅಧ್ಯಕ್ಷರ ಅಥವಾ ಮೇಯರ್ ಚುನಾವಣೆಯಲ್ಲಿ ಶಾಸಕರೂ ಸಂಸದರೂ ಮತ ಹಾಕುತ್ತಾರೆ. ಆದರೆ ಹೀಗೆ ಒಬ್ಬರ ಮನೆಯಿಂದ ಊರಿನ ಕೆಲಸ ನಡೆಯುವಾಗ ಕೇಳಬಲ್ಲವನ ಬೀದಿಗೆ ಮೊದಲು ದೀಪ ಬರುತ್ತದೆ, ಕೇಳಲು ಹೋಗಲಾರದವನ ಬೀದಿ ಕತ್ತಲಲ್ಲೇ ಇರುತ್ತದೆ. ಯಾವ ಬೀದಿಗೆ ಏಕೆ ಬಂತು, ಏಕೆ ಬರಲಿಲ್ಲ ಎಂಬುದು ಯಾವ ನಡವಳಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ವಾರ್ಡ್ ಸಮಿತಿಯನ್ನು ಪೌರ ನಿಗಮಗಳ ಅಧಿನಿಯಮವೇ ಹೇಳುತ್ತದೆ, ನನ್ನ ದೃಷ್ಟಿಯಲ್ಲಿ ಅದು ಬಹಳ ದೊಡ್ಡ ಹಕ್ಕು. ವಾರ್ಡಿನ ಸದಸ್ಯರು ಅಧ್ಯಕ್ಷರಾಗಿರುವ ಈ ಸಮಿತಿಯಲ್ಲಿ ಹತ್ತು ಮಂದಿ ನಿವಾಸಿಗಳಿರುತ್ತಾರೆ. ಅವರಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿವಾಸಿಗಳ ಸಂಘಗಳ ಪ್ರತಿನಿಧಿಗಳಿಗೆ ಸ್ಥಾನಗಳು ಮೀಸಲು. ವಾರ್ಡಿನ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಕಾಮಗಾರಿಗಳ ಮೇಲೆ ಕಣ್ಣಿಡುವುದು, ಕಸ, ನೀರು, ದೀಪಗಳ ನಿರ್ವಹಣೆಯನ್ನು ಪರಿಶೀಲಿಸುವುದು ಅದರ ಕೆಲಸ. ಸಭೆಯ ನಡವಳಿ ಬರಹದಲ್ಲಿರಬೇಕು. ಈ ಸಮಿತಿಗಳು ತಾವಾಗಿ ರಚನೆಯಾಗುವುದು ಅಪರೂಪ. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ಅವು ಅಸ್ತಿತ್ವಕ್ಕೆ ಬಂದವು.

ತಾವು ವಕೀಲರು, ಹೀಗಾಗಿ ಒಂದು ಕೋರಿಕೆ. ಪಾಲಿಕೆಯ ಚುನಾವಣೆ ಮುಗಿದು ಸದಸ್ಯರು ಪ್ರಮಾಣವಚನ ಸ್ವೀಕರಿಸಿದ ಕೂಡಲೇ ವಾರ್ಡ್ ಸಮಿತಿಗೆ ಅರ್ಜಿ ಆಹ್ವಾನಿಸುವಂತೆ ಆಯುಕ್ತರಿಗೆ ಲಿಖಿತ ಮನವಿ ಸಲ್ಲಿಸಿ. ಅರ್ಜಿ ಬರೆಯಲು ತಿಳಿಯದ ಬೀದಿಗಳಲ್ಲಿ, ಮುಖ್ಯವಾಗಿ ಹೊಸದಾಗಿ ಸೇರುವ ಹಳ್ಳಿಗಳಲ್ಲಿ ಮತ್ತು ಪೌರಕಾರ್ಮಿಕರ ಕಾಲೊನಿಗಳಲ್ಲಿ, ತಮ್ಮ ಕಿರಿಯ ಸಹೋದ್ಯೋಗಿಗಳಿಂದ ನಮೂನೆ ತುಂಬಿಸಿಕೊಡಿ. ಮೀಸಲು ಸ್ಥಾನಗಳಿಗೆ ಅರ್ಜಿಗಳೇ ಬಂದಿಲ್ಲವೆಂಬ ಕಾರಣ ಹೇಳಿ ಸಮಿತಿಯನ್ನು ಮುಂದೂಡಲು ಅವಕಾಶ ಸಿಗಬಾರದು.